ಪದಚರ್ಚೆ: ‘ಸಮಂಜಸ ಹೊಂದಾಣಿಕೆ’, ‘ಪರಿಹಾರ ಸಮಯ’ – ಪೋಷಕರ ಕರಪತ್ರಕ್ಕೆ ಯಾವ ಮಾತು?

ಪ್ರಶ್ನೆ (ಹೊಳಲ್ಕೆರೆಯಿಂದ)

ಎಲ್ಲರಿಗೂ ನಮಸ್ಕಾರ. ಅಂಗವಿಕಲ ಮಕ್ಕಳಿಗೆ ಶಾಲೆಯಲ್ಲಿ ಕಾನೂನಿನ ಪ್ರಕಾರ ಏನೇನು ಸಿಗಬೇಕು ಎಂದು ತಿಳಿಸುವ ಎರಡು ಪುಟದ ಕರಪತ್ರ ನಮ್ಮ ಕ್ಲಸ್ಟರಿನಲ್ಲಿ ಸಿದ್ಧವಾಗುತ್ತಿದೆ. ಓದುವವರು ಗೊಲ್ಲರಹಟ್ಟಿ, ತಾಂಡಾಗಳ ಪೋಷಕರು. ಅವರು ಅದೇ ಮಾತುಗಳನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಅರ್ಜಿಯಲ್ಲೂ ಬರೆಯುತ್ತಾರೆ. ಹಾಗಾಗಿ ಮನೆಯಲ್ಲೂ ಅರ್ಥವಾಗಬೇಕು, ಕಚೇರಿಯಲ್ಲೂ ನಿಲ್ಲಬೇಕು.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ‘ರೀಸನಬಲ್ ಅಕಾಮಡೇಶನ್’ ಎಂಬುದಕ್ಕೆ ಕನ್ನಡದಲ್ಲಿ ಏನು ಬರೆಯುವುದು? ಕರಡಿನಲ್ಲಿ ‘ಸಮಂಜಸ ಹೊಂದಾಣಿಕೆ’ ಎಂದಿದೆ. ಇನ್ನೊಬ್ಬರು ಕಳಿಸಿದ ಯಂತ್ರಾನುವಾದದಲ್ಲಿ ‘ಸಮಂಜಸ ವಸತಿ’ ಎಂದು ಬಂದಿದೆ. ಪರೀಕ್ಷೆಗೆ ಕೊಡುವ ಹೆಚ್ಚಿನ ವೇಳೆಯನ್ನು ‘ಪರಿಹಾರ ಸಮಯ’ ಎನ್ನಬಹುದೇ? ‘ದುರ್ಬಲ ವರ್ಗ’, ‘ಅವಕಾಶವಂಚಿತ ಗುಂಪು’ ಎರಡೂ ಒಂದೆಯೇ? ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ (ದಾವಣಗೆರೆಯಿಂದ)

ಮೇಡಂ, ನಮಸ್ಕಾರ. ‘ವಸತಿ’ಯನ್ನು ಮೊದಲು ತೆಗೆಸಿ. ಅದನ್ನು ಓದಿದ ಪೋಷಕರು ಹಾಸ್ಟೆಲ್ ಸೀಟು ಕೇಳಿಕೊಂಡು ಬರುತ್ತಾರೆ.

‘ಹೊಂದಾಣಿಕೆ’ ನಿಘಂಟಿನ ಲೆಕ್ಕದಲ್ಲಿ ತಪ್ಪಲ್ಲ, ಬಳಕೆಯಲ್ಲಿ ಕೈಕೊಡುತ್ತದೆ. ‘ಸ್ವಲ್ಪ ಹೊಂದಾಣಿಕೆ ಮಾಡ್ಕೊಳ್ರಿ’ ಎಂದರೆ ನಮ್ಮ ಕಡೆ ಸಹಿಸಿಕೊಳ್ಳಿ ಎಂದೇ ಅರ್ಥ. ಯಾರು ಬದಲಾಗಬೇಕು ಎಂಬುದೇ ತಿರುಗಿಬಿಡುತ್ತದೆ. ಕಾಯ್ದೆಯ ಕಲಂ 2(ವೈ) ಹೇಳುವುದು, ಬೇರೆಯವರಿಗೆ ಸಮನಾಗಿ ಹಕ್ಕು ಅನುಭವಿಸಲು ಅಗತ್ಯವಾದ, ಅತಿಯಾದ ಹೊರೆಯಾಗದ ಬದಲಾವಣೆಯನ್ನು ವ್ಯವಸ್ಥೆಯೇ ಮಾಡಿಕೊಳ್ಳಬೇಕು ಎಂದು. ನನ್ನ ಸಲಹೆ ‘ತಕ್ಕ ಮಾರ್ಪಾಡು’. ಯಾರಿಗೆ ತಕ್ಕುದು? ಆ ಮಗುವಿಗೆ. ಪದದ ಪಕ್ಕದಲ್ಲೇ ಉದಾಹರಣೆ ಕೊಡಿ: ಗಾಲಿಕುರ್ಚಿಯ ಹುಡುಗ 7ನೇ ತರಗತಿಗೆ ಬಂದರೆ ಮಹಡಿಯ ಮೇಲಿನ ಆ ತರಗತಿಯನ್ನು ಕೆಳಗಿನ ಕೋಣೆಗೆ ತರುವುದು, ಕಣ್ಣು ಮಂದವಿರುವವಳಿಗೆ ದೊಡ್ಡಕ್ಷರದ ಪ್ರಶ್ನೆಪತ್ರಿಕೆ, ಕಿವಿ ಕೇಳಿಸದವನಿಗೆ ಶಿಕ್ಷಕರ ಮುಖ ಕಾಣುವ ಮುಂದಿನ ಸಾಲು. ತರಗತಿ ಕೆಳಗಿಳಿಸಲು ಕಾಸು ಬೇಡ, ವೇಳಾಪಟ್ಟಿ ಬದಲಾದರೆ ಸಾಕು. ‘ಅನುದಾನ ಬಂದಿಲ್ಲ’ ಎಂಬ ಉತ್ತರಕ್ಕೆ ಅಲ್ಲಿ ಜಾಗವಿಲ್ಲ.

ಅದಕ್ಕಿಂತ ಮುಖ್ಯ, ಕ್ರಿಯಾಪದ. ಕರಡಿನಲ್ಲಿ ‘ಸೌಲಭ್ಯ ಒದಗಿಸಬಹುದು’ ಎಂದಿದ್ದರೆ ತಿದ್ದಿ. ಕಲಂ 16 ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಎಲ್ಲ ಶಾಲೆಗಳನ್ನೂ ಒಳಗೊಳ್ಳುತ್ತದೆ; ಖಾಸಗಿ ಶಾಲೆಯೂ ಹೊರಗಿಲ್ಲ. ಕಲಂ 2(ಎಚ್) ಪ್ರಕಾರ ತಕ್ಕ ಮಾರ್ಪಾಡನ್ನು ನಿರಾಕರಿಸುವುದೂ ತಾರತಮ್ಯ. ಆದ್ದರಿಂದ ‘ಮಾಡಿಕೊಡತಕ್ಕದ್ದು’ ಎಂಬ ಕಾನೂನುಗನ್ನಡದ ರೂಪವನ್ನೇ ಇಡಿ. ಹಳೆಯ ಮಾತಿನಂತೆ ಕೇಳಿಸಿದರೂ ಕಚೇರಿಯಲ್ಲಿ ಅದರ ತೂಕ ಎಲ್ಲರಿಗೂ ಗೊತ್ತು. ‘ದಯಪಾಲಿಸಬೇಕು’, ‘ಕೃಪೆ ಮಾಡಬೇಕು’ ಬೇಡವೇ ಬೇಡ.

ಇನ್ನು ‘ಪರಿಹಾರ ಸಮಯ’. ಕೇಂದ್ರದ ವಿಕಲಚೇತನರ ಇಲಾಖೆ 2018ರ ಆಗಸ್ಟ್ 29ರಂದು ಹೊರಡಿಸಿದ ಲಿಖಿತ ಪರೀಕ್ಷೆಗಳ ಮಾರ್ಗಸೂಚಿಯೇ ‘ಹೆಚ್ಚುವರಿ ಸಮಯ’ ಎಂಬ ಮಾತನ್ನು ಬಿಡಿ, ಕಳೆದುಹೋಗುವ ವೇಳೆಯನ್ನು ತುಂಬಿಕೊಡುವ ಸಮಯ ಎಂಬರ್ಥದ ಮಾತನ್ನು ಬಳಸಿ ಎಂದಿತ್ತು. ಉದ್ದೇಶ ಒಳ್ಳೆಯದು: ಹೆಚ್ಚುವರಿ ಎಂದರೆ ಬೇರೆ ಮಕ್ಕಳಿಗಿಲ್ಲದ ಲಾಭ ಕೊಟ್ಟಂತೆ ಕೇಳಿಸುತ್ತದೆ. ಆದರೆ ಕನ್ನಡದಲ್ಲಿ ‘ಪರಿಹಾರ’ಕ್ಕೆ ಈಗಾಗಲೇ ಎರಡು ಮನೆಗಳಿವೆ. ಚಳ್ಳಕೆರೆ, ಜಗಳೂರು ಕಡೆಯ ಪೋಷಕರಿಗೆ ಅದು ಬೆಳೆ ಪರಿಹಾರ, ಅಂದರೆ ಹಣ. ಶಿಕ್ಷಕರಿಗೆ ಅದು ‘ಪರಿಹಾರ ಬೋಧನೆ’, ಕಲಿಕೆಯಲ್ಲಿ ಹಿಂದುಳಿದವರಿಗೆ ನಡೆಸುವ ತರಗತಿ. ‘ಪರಿಹಾರ ಸಮಯ ಕೊಡಿ’ ಎಂಬ ಅರ್ಜಿಗೆ ‘ಸಂಜೆ ವಿಶೇಷ ತರಗತಿ ನಡೆಯುತ್ತಿದೆ’ ಎಂಬ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಬಂದರೆ ಆಶ್ಚರ್ಯವಿಲ್ಲ. ‘ಸರಿದೂಗಿಸುವ ಸಮಯ’ ಎನ್ನಿ, ಜೊತೆಗೆ ಅಂಕಿ ಬರೆಯಿರಿ: ಲಿಪಿಕಾರರ (ಮಗು ಹೇಳಿದ ಉತ್ತರವನ್ನು ಬರೆದುಕೊಡುವವರ) ನೆರವು ಪಡೆದವರಿಗೆ ಗಂಟೆಗೆ ಕನಿಷ್ಠ 20 ನಿಮಿಷ, ಅಂದರೆ 3 ಗಂಟೆಯ ಪತ್ರಿಕೆಗೆ 60 ನಿಮಿಷ. ಲಿಪಿಕಾರರಿಲ್ಲದೆ ತಾವೇ ಬರೆಯುವವರಿಗೂ 3 ಗಂಟೆಗೆ ಕನಿಷ್ಠ 1 ಗಂಟೆ ಕೊಡಬಹುದು ಎಂದು ಅದೇ ಮಾರ್ಗಸೂಚಿಯಲ್ಲಿತ್ತು. ಎಷ್ಟೋ ಕಡೆ ಲಿಪಿಕಾರ ಬೇಡ ಎಂದೊಡನೆ ಸಮಯವನ್ನೂ ಕಿತ್ತುಕೊಳ್ಳುತ್ತಾರೆ. ಆ ಎರಡನ್ನೂ ಅರ್ಜಿಯಲ್ಲಿ ಬೇರೆಬೇರೆ ಸಾಲಿನಲ್ಲಿ ಕೇಳಬೇಕು. ಎಸ್ಸೆಸ್ಸೆಲ್ಸಿಗೆ ಮಾತ್ರ ಪರೀಕ್ಷಾ ಮಂಡಳಿಯ ಆ ವರ್ಷದ ಸುತ್ತೋಲೆಯಲ್ಲಿ ಯಾವ ಪದವಿದೆಯೋ ಅದನ್ನೇ ಬಳಸಿ.

‘ಲಿಪಿಕಾರ’ ಪತ್ರಿಕೆಗಳಲ್ಲಿ ನಿಂತಿರುವ ಪದ. ‘ಬರಹಗಾರ’ ಎಂದರೆ ಕತೆಗಾರರು ನೆನಪಾಗುತ್ತಾರೆ, ಬಿಡಿ. ಶಾಲೆಗಳಲ್ಲಿ ‘ಸ್ಕ್ರೈಬ್’ ಎಂದೇ ಹೇಳುತ್ತಾರೆ. ಒಮ್ಮೆ ಎರಡನ್ನೂ ಜೊತೆಗೆ ಬರೆದರೆ ಸಾಕು.

ಶೇಕಡಾವಾರಿನ ವಾಕ್ಯವನ್ನು ನೂರು ಸಲ ನೋಡಿ. ಕಾಯ್ದೆಯ ಬಹುಪಾಲು ನಿರ್ದಿಷ್ಟ ಹಕ್ಕುಗಳು ‘ಶೇ 40ಕ್ಕಿಂತ ಕಡಿಮೆಯಿಲ್ಲದ’ ಅಂಗವಿಕಲತೆಗೆ ಸೇರಿದವು. ಕನ್ನಡ ಪ್ರಕಟಣೆಗಳಲ್ಲಿ ಇದು ‘ಶೇ 40ಕ್ಕಿಂತ ಹೆಚ್ಚು’ ಎಂದಾಗುತ್ತದೆ. ಪ್ರಮಾಣಪತ್ರದಲ್ಲಿ ಸರಿಯಾಗಿ 40 ಎಂದೇ ಬರುವ ಮಕ್ಕಳಿದ್ದಾರೆ; ಈ ಒಂದು ‘ಕ್ಕಿಂತ’ ಅವರನ್ನು ಹೊರಗೆ ನಿಲ್ಲಿಸುತ್ತದೆ. ‘ಶೇ 40 ಮತ್ತು ಅದಕ್ಕೆ ಮೇಲ್ಪಟ್ಟು’ ಎಂದು ಬರೆಯಿರಿ. ಹಾಗೆಯೇ, 40 ಇಲ್ಲದ ಮಗುವಿಗೆ ಏನೂ ಇಲ್ಲ ಎಂಬ ಅರ್ಥ ಬರದಿರಲಿ. ತಕ್ಕ ಮಾರ್ಪಾಡಿಗೆ ಶೇ 40ರ ಗೆರೆಯಿಲ್ಲ. 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಲಿಪಿಕಾರರ ವಿಷಯದಲ್ಲೇ ಇದನ್ನು ಸ್ಪಷ್ಟಪಡಿಸಿದೆ. ವಯಸ್ಸೂ ನೋಡಿ: ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14, ಶೇ 40 ಮುಟ್ಟಿದ ಮಗುವಿಗೆ 2016ರ ಕಾಯ್ದೆಯ ಕಲಂ 31ರಡಿ ಉಚಿತ ಶಿಕ್ಷಣ 6ರಿಂದ 18. ಕರಪತ್ರದಲ್ಲಿ 14 ಎಂದು ಬಿಟ್ಟರೆ 9ನೇ ತರಗತಿಯಲ್ಲಿ ಶುಲ್ಕ ಕೇಳಿದಾಗ ಪೋಷಕರು ಸುಮ್ಮನೆ ಕಟ್ಟುತ್ತಾರೆ.

ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ ಇವುಗಳ ಜಗಳಕ್ಕೆ ಈ ಕರಪತ್ರದಲ್ಲಿ ಇಳಿಯಬೇಡಿ. ಇಲ್ಲಿ ನಿಜವಾಗಿ ಕೆಡುವುದು ಬೇರೆ ಕಡೆ: ಬೌದ್ಧಿಕ ಅಂಗವಿಕಲತೆಯ ಮಗುವನ್ನು ‘ಮಾನಸಿಕ ಅಸ್ವಸ್ಥ’ ಎಂದು ಬರೆಯುವುದು. ಕಾಯ್ದೆಯ 21 ವಿಧಗಳಲ್ಲಿ ಇವೆರಡೂ ಬೇರೆ. ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ‘ನಿಧಾನ ಕಲಿಕೆ’ ಎಂದು ಷರಾ ಬರೆದರೆ ಮಗು ತಪಾಸಣೆಗೇ ಹೋಗುವುದಿಲ್ಲ. ಯುಡಿಐಡಿ ಕಾರ್ಡಿನಲ್ಲಿ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಅಂಗವಿಕಲತೆಗೆ ಯಾವ ಹೆಸರಿದೆಯೋ ಅದನ್ನೇ ಅರ್ಜಿಗೆ ಇಳಿಸಿ. ಕಾರ್ಡ್ ಇನ್ನೂ ಆಗದಿದ್ದರೆ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅಥವಾ ತಾಲ್ಲೂಕಿನ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಅವರನ್ನು ಕಾಣಿ ಎಂದು ಒಂದು ಸಾಲು ಸೇರಿಸಿ.

‘ದುರ್ಬಲ ವರ್ಗ’, ‘ಅವಕಾಶವಂಚಿತ ಗುಂಪು’ ಒಂದಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಕಲಂ 2(ಇ) ಪೋಷಕರ ಆದಾಯ ನೋಡುತ್ತದೆ. 2(ಡಿ) ಜಾತಿ, ಸಾಮಾಜಿಕ ಹಿನ್ನೆಲೆ ಮುಂತಾದವನ್ನು. 2012ರ ತಿದ್ದುಪಡಿಯ ನಂತರ ಅಂಗವಿಕಲ ಮಗು ಈ ಎರಡನೆಯದರಲ್ಲಿ ಸೇರಿದೆ. ಅವರನ್ನು ‘ದುರ್ಬಲ ವರ್ಗ’ ಎಂದು ಬರೆದರೆ ಬೇಡದ ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ ಸುತ್ತಿಸಿದಂತಾಗುತ್ತದೆ. ಅದೇ ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ ಇಂಥ ಮಕ್ಕಳಿಗೆ ಮೀಸಲಾದ ಶೇ 25 ಸೀಟಿನ ಆಸೆಯನ್ನೂ ಹುಟ್ಟಿಸಬೇಡಿ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ನಮ್ಮ ರಾಜ್ಯದಲ್ಲಿ 2019-20ರಿಂದ ಅದು ಖಾಸಗಿ ಶಾಲೆಗೆ ಅನ್ವಯಿಸುತ್ತಿಲ್ಲ.

ಸೇರ್ಪಡೆ (ಹರಿಹರದಿಂದ)

ಸರ್ ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ‘ಗೃಹಾಧಾರಿತ ಶಿಕ್ಷಣಕ್ಕೆ ಹಾಕಲಾಗಿದೆ’ ಎಂಬ ವಾಕ್ಯ ಶಾಲಾ ದಾಖಲೆಗಳಲ್ಲಿ ಬರುತ್ತದೆ. 2012ರ ತಿದ್ದುಪಡಿಯ ಮಾತು ‘ಆಯ್ದುಕೊಳ್ಳುವ ಹಕ್ಕು’. ಅದೂ ತೀವ್ರ ಅಥವಾ ಬಹುವಿಧ ಅಂಗವಿಕಲತೆಯ ಮಗುವಿಗೆ ಮಾತ್ರ. ಆಯ್ಕೆ ಮಗುವಿನದು, ಪೋಷಕರದು, ಶಾಲೆ ಹಾಕುವಂಥದ್ದಲ್ಲ. ಕರಪತ್ರದಲ್ಲಿ ‘ಬೇಕೆಂದರೆ ಪೋಷಕರು ಆಯ್ದುಕೊಳ್ಳಬಹುದು, ಬೇಡವೆಂದರೆ ಮಗು ಶಾಲೆಗೇ ಬರುತ್ತದೆ’ ಎಂದು ಬಿಡಿಸಿ ಬರೆಯಿರಿ.

ಇನ್ನೊಂದು, ಅರ್ಜಿಯ ತಲೆಬರಹ. ನಮ್ಮ ಜನ ಎಲ್ಲದಕ್ಕೂ ‘ಮನವಿ’ ಎಂದು ಬರೆಯುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯ ಕಲಂ 32ರಡಿ ಸ್ಥಳೀಯ ಪ್ರಾಧಿಕಾರ 3 ತಿಂಗಳೊಳಗೆ ತೀರ್ಮಾನಿಸಬೇಕಾದದ್ದು ‘ಲಿಖಿತ ದೂರು’. ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಮೊದಲ ಸಲ ಕೇಳುವಾಗ ‘ಅರ್ಜಿ’ ಇರಲಿ. ಕೊಡದಿದ್ದಾಗ ‘ಕಲಂ 32ರಡಿ ಲಿಖಿತ ದೂರು’ ಎಂದೇ ಬರೆದು, ನಕಲಿನ ಮೇಲೆ ತಾರೀಖು ಮತ್ತು ಮೊಹರಿನ ಸ್ವೀಕೃತಿ ಪಡೆಯಲು ಹೇಳಿ. ಬಾಯಿಮಾತಲ್ಲಿ ‘ಆಗಲ್ಲ’ ಎಂದರೆ ಕಾರಣಸಹಿತ ಹಿಂಬರಹ ಕೇಳಬೇಕು. ‘ಹಿಂಬರಹ’ ಎಂಬ ಪದ ಹಟ್ಟಿಯವರಿಗೂ ಗೊತ್ತು, ಜಮೀನಿನ ಕೆಲಸದಲ್ಲಿ ಕೇಳಿರುತ್ತಾರೆ. ಅದನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ.