ನಮ್ಮ ಕುಲಪತಿ ಯಾರು, ನಿಮ್ಮ ಕುಲಪತಿ ಯಾರು?

ಗೆಳೆಯರೇ, ನಮಸ್ಕಾರ.

ಕೇಳಬೇಕು ಅಂದುಕೊಂಡಿದ್ದು ಒಂದೇ ಪದ. ಬರೆಯಲು ಕೂತರೆ ಅದರ ಬೆನ್ನಿಗೆ ಇನ್ನೂ ನಾಲ್ಕೈದು ಬಂದವು. ಎಲ್ಲವನ್ನೂ ಇಲ್ಲಿ ಇಡುತ್ತಿದ್ದೇನೆ.

ನಾನಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ನಮ್ಮ ಕನ್ನಡ ಬಳಗಕ್ಕೆ ನಾಲ್ಕು ಪುಟದ ಸುದ್ದಿಹಾಳೆ ಇದೆ. ಮುಂಬೈ ವಿಶ್ವವಿದ್ಯಾಲಯದ ಮರಾಠಿ ಸುತ್ತೋಲೆಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನದು. ಒಮ್ಮೆ ಘಟಿಕೋತ್ಸವದ ಸುದ್ದಿ ಬಂತು. ಮರಾಠಿಯಲ್ಲಿ ರಾಜ್ಯಪಾಲರ ಹೆಸರಿನ ಜೊತೆ 'ಕುಲಪತಿ' ಅಂತ ಇತ್ತು. ನಾನೂ 'ಕುಲಪತಿಗಳು ಅಧ್ಯಕ್ಷತೆ ವಹಿಸಿದ್ದರು' ಅಂತ ಬರೆದೆ. ನಮ್ಮದೇ ಪದ, ಇದರಲ್ಲಿ ಅನುವಾದ ಮಾಡುವುದೇನಿದೆ ಅನ್ನಿಸಿತ್ತು. ಮಾರನೇ ದಿನವೇ ಮೈಸೂರಿನಿಂದ ದೊಡ್ಡಪ್ಪನ ಮಗ ಫೋನ್ ಮಾಡಿದರು. "ಅವರು ನಿಮ್ಮ ರಾಜ್ಯಪಾಲರಲ್ವಾ? ವೈಸ್ ಚಾನ್ಸಲರ್ ಯಾವಾಗ ಆದರು?" ಅಂತ ಕೇಳಿದರು.

ಅಣ್ಣ ಕೇಳಿದ್ದರಲ್ಲಿ ತಪ್ಪಿಲ್ಲ. ಮಹಾರಾಷ್ಟ್ರದಲ್ಲಿ ಕುಲಪತಿ ಅಂದರೆ ಚಾನ್ಸಲರ್, ಅಂದರೆ ರಾಜ್ಯಪಾಲರು. ವೈಸ್ ಚಾನ್ಸಲರ್‌ಗೆ, ಅಂದರೆ ವಿಶ್ವವಿದ್ಯಾಲಯವನ್ನು ದಿನಾ ನಡೆಸುವವರಿಗೆ, ಇಲ್ಲಿ ಕುಲಗುರು ಅನ್ನುತ್ತಾರೆ. ಕರ್ನಾಟಕದಲ್ಲಿ ರಾಜ್ಯಪಾಲರು ಕುಲಾಧಿಪತಿ, ವೈಸ್ ಚಾನ್ಸಲರ್ ಕುಲಪತಿ. ಗಡಿ ದಾಟಿದರೆ ಅದೇ ಪದ ಬೇರೆ ಕುರ್ಚಿಯ ಮೇಲೆ ಕೂತಿರುತ್ತದೆ.

ಇನ್ನೊಂದು ವಿಷಯ. ನಮ್ಮಲ್ಲೂ ಹಿಂದೆ ಹೀಗೆಯೇ ಇತ್ತಲ್ಲ? ಕುವೆಂಪು ಅವರು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ವೈಸ್ ಚಾನ್ಸಲರ್ ಆಗಿದ್ದರು. ಹಳೆಯ ಬರಹಗಳಲ್ಲಿ ಅವರನ್ನು 'ಉಪಕುಲಪತಿ' ಅಂತಲೇ ಕರೆದಿದ್ದಾರೆ. ವೈಸ್ ಚಾನ್ಸಲರ್ ಉಪಕುಲಪತಿ ಅಂತಾದರೆ ಚಾನ್ಸಲರ್ ತಾನೇ ಕುಲಪತಿ? ಆ ಲೆಕ್ಕದಲ್ಲಿ ನಮ್ಮ ಹಿರಿಯರ ಕುಲಪತಿಯೂ ಮರಾಠಿಯ ಕುಲಪತಿಯೂ ಒಬ್ಬರೇ. ಆಮೇಲೆ ನಾವು ಬದಲಾಯಿಸಿಕೊಂಡೆವು. ಎಪ್ಪತ್ತು ದಾಟಿದ ನಮ್ಮ ಕೆಲವು ಓದುಗರು ಈಗಲೂ ಉಪಕುಲಪತಿ ಅಂತಲೇ ಅನ್ನುತ್ತಾರೆ.

ನನಗೇನೋ ಕರ್ನಾಟಕದ ಈಗಿನ ಬಳಕೆಯೇ ಸರಿ ಅನ್ನಿಸುತ್ತದೆ. ಹತ್ತು ಸಾವಿರ ಶಿಷ್ಯರಿಗೆ ಊಟ ಹಾಕಿ ಪಾಠ ಹೇಳುವವನು ಕುಲಪತಿ ಅಂತ ಹಳೆಯ ಸಂಸ್ಕೃತ ವಿವರಣೆ ಇದೆ. ಮಹಾಭಾರತದ ಆರಂಭದಲ್ಲಿ ನೈಮಿಷಾರಣ್ಯದ ಶೌನಕನನ್ನು ಕುಲಪತಿ ಅಂದಿದ್ದಾರೆ. ಪಾಠದ ಹತ್ತಿರ ಇರುವವರಿಗೇ ಆ ಹೆಸರು ಒಪ್ಪುತ್ತದೆ. ಆದರೆ ಮುಂಬೈಯ ಸುದ್ದಿಯಲ್ಲಿ ಹಾಗೆ ಬರೆದರೆ ಇಲ್ಲಿ ಓದಿ ಬೆಳೆದ ನಮ್ಮ ಮಕ್ಕಳಿಗೆ ಗೊಂದಲ. ಅವರು ದಿನಾ ನೋಡುವುದು ಮರಾಠಿ ಬೋರ್ಡು. ಹಾಗಂತ 'ಕುಲಗುರು' ಅಂತ ಬರೆದರೆ ಊರಿನವರಿಗೆ ವಸಿಷ್ಠರೋ ಯಾವುದೋ ಮಠದ ಸ್ವಾಮಿಗಳೋ ಕಣ್ಣ ಮುಂದೆ ಬರುತ್ತಾರೆ.

ಪದವಿಗಳ ಹೆಸರು ಹೀಗಾದರೆ, ಸಭೆಗಳ ಹೆಸರಿನ ತೊಡಕು ಇದಕ್ಕಿಂತ ಜಾಸ್ತಿ. ನನಗೆ ಹೆಚ್ಚು ಚಿಂತೆ ಇರುವುದೂ ಅದರದ್ದೇ.

ಇಲ್ಲಿ 2016ರ ಮಹಾರಾಷ್ಟ್ರ ಸಾರ್ವಜನಿಕ ವಿಶ್ವವಿದ್ಯಾಲಯ ಕಾಯ್ದೆ ನಡೆಯುತ್ತದೆ. ಒಂದು ವಿಷಯದ ಪಠ್ಯವನ್ನು ಮೊದಲು ಬರೆಯುವುದು 'ಅಭ್ಯಾಸ ಮಂಡಳ'. ಆ ವಿಷಯದ ಮೇಷ್ಟ್ರುಗಳು ಕೂರುವುದು ಅಲ್ಲಿ. ಅದು ಹತ್ತಿರದ ವಿಷಯಗಳ ಗುಂಪಾದ 'ವಿದ್ಯಾಶಾಖೆ'ಯ (ಇಂಗ್ಲಿಷಿನಲ್ಲಿ ಫ್ಯಾಕಲ್ಟಿ) ಮೂಲಕ 'ವಿದ್ಯಾ ಪರಿಷದ್'ಗೆ ಹೋಗುತ್ತದೆ. ಪಾಠ, ಪರೀಕ್ಷೆ, ಪದವಿಯ ವಿಷಯದಲ್ಲಿ ಮುಖ್ಯ ಮಾತು ಇದರದ್ದೇ. 'ವ್ಯವಸ್ಥಾಪನ ಪರಿಷದ್' ಆಡಳಿತ ನೋಡುತ್ತದೆ. 'ಅಧಿಸಭಾ' ಅಂದರೆ ಸೆನೆಟ್. ಅದರ ಮುಂದೆ ಬಜೆಟ್ ಬರುತ್ತದೆ. ಕೋರ್ಸುಗಳ ಬಗ್ಗೆ ಸಮಾಜದ ಅಭಿಪ್ರಾಯ ಹೇಳುವುದೂ ಅದರ ಕೆಲಸ. ಹೆಸರು ನೋಂದಾಯಿಸಿಕೊಂಡ ಪದವೀಧರರು ತಮ್ಮೊಳಗಿಂದ ಹತ್ತು ಜನರನ್ನು ಅಲ್ಲಿಗೆ ಆರಿಸಿ ಕಳಿಸಬಹುದು. ನಮ್ಮ ಕನ್ನಡ ಪದವೀಧರರು ಇದನ್ನು ಗಮನಿಸಬೇಕು.

ಇವಕ್ಕೆ ಕನ್ನಡದಲ್ಲಿ ಏನನ್ನುವುದು? ಅಭ್ಯಾಸ ಮಂಡಳಕ್ಕೆ ಕರ್ನಾಟಕದಲ್ಲಿ 'ಅಧ್ಯಯನ ಮಂಡಳಿ' ಅಂತ ಇದೆ, ಅದು ಸುಲಭ. ಆದರೂ ಧಾರವಾಡ ಕಡೆಯವರಿಗೆ 'ಅಭ್ಯಾಸ' ಅಂದರೇನೇ ಓದು. 'ಹುಡುಗ ಅಭ್ಯಾಸ ಮಾಡಾಕತ್ತಾನ' ಅನ್ನುತ್ತಾರೆ. ಬೆಂಗಳೂರಿನ ಕಿವಿಗೆ ಅದು ರೂಢಿ, ಚಟ. ಆ ಕಡೆಯ ಕಾಲೇಜುಗಳು ಮೊದಲು ಮುಂಬೈ ವಿಶ್ವವಿದ್ಯಾಲಯಕ್ಕೇ ಸೇರಿದ್ದವು. ಕರ್ನಾಟಕ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಹುಟ್ಟಿದ್ದು ಮುಂಬೈಯಲ್ಲೇ. ಧಾರವಾಡಕ್ಕೆ ಹೋಗಿದ್ದು ಆಮೇಲೆ. ಸಭೆಯ ನಿರ್ಣಯಕ್ಕೆ ಠರಾವು ಅನ್ನುವ ಪದ ಅಲ್ಲಿಯವರಿಗೂ ಇಲ್ಲಿಯವರಿಗೂ ಒಂದೇ ಅರ್ಥದಲ್ಲಿ ಉಳಿದಿದೆ.

ವಿದ್ಯಾ ಪರಿಷದ್‌ಗೆ 'ವಿದ್ಯಾವಿಷಯಕ ಪರಿಷತ್ತು' ಅಂತಲೂ 'ಶಿಕ್ಷಣ ಮಂಡಳಿ' ಅಂತಲೂ ಓದಿದ್ದೇನೆ. ಎರಡನೆಯದು ಬೇಡ. ಮುಂಬೈಯಲ್ಲಿ ಶಿಕ್ಷಣ ಮಂಡಳ ಅಂದರೆ ಜನರ ತಲೆಗೆ ಬರುವುದು ಹತ್ತು, ಹನ್ನೆರಡನೇ ಕ್ಲಾಸಿನ ಪರೀಕ್ಷಾ ಬೋರ್ಡು. ವ್ಯವಸ್ಥಾಪನ ಪರಿಷದ್ ಅನ್ನು 'ಆಡಳಿತ ಮಂಡಳಿ' ಮಾಡಿದರೆ ಕಾಲೇಜು ನಡೆಸುವ ಟ್ರಸ್ಟ್ ಅಂದುಕೊಳ್ಳುತ್ತಾರೆ. ವಿದ್ಯಾಶಾಖೆಗೆ ಕರ್ನಾಟಕದ ಪದ 'ನಿಕಾಯ'. ಹಿಂದಿ ಸುದ್ದಿ ನೋಡುವವರಿಗೆ ಅದು ನಗರಪಾಲಿಕೆ, ಪಂಚಾಯತಿ. ಹಾಗಾಗಿ ವಿದ್ಯಾಶಾಖೆ ಅಂತಲೇ ಇಟ್ಟುಕೊಳ್ಳೋಣ. ಮೇಷ್ಟ್ರುಗಳನ್ನು 'ಫ್ಯಾಕಲ್ಟಿ' ಅನ್ನುವ ರೂಢಿಯೂ ಇರುವುದರಿಂದ ಬೇರೆ ಪದ ಇರುವುದೇ ಒಳ್ಳೆಯದು.

ಸುಮ್ನೆ ಪದದ ಹಟಕ್ಕೆ ಇಷ್ಟು ಹೇಳುತ್ತಿಲ್ಲ. ಒಂದು ಪದದಿಂದ ನನ್ನ ಕೈಯಲ್ಲೇ ತಪ್ಪಾಗಿದೆ. ಕೆಲವು ವರ್ಷದ ಹಿಂದೆ ಇಲ್ಲಿನ ಒಂದು ಕಾಲೇಜಿನಲ್ಲಿ ಕನ್ನಡಕ್ಕೆ ಮಕ್ಕಳು ಕಡಿಮೆ ಸೇರಿದರು. ನೋಟಿಸಿನಲ್ಲಿ 'ಪ್ರವೇಶ ಸ್ಥಗಿತ' ಅಂತ ಬಂತು. ಕನ್ನಡದಲ್ಲಿ ಸ್ಥಗಿತ ಅಂದರೆ ನಿಂತುಹೋಯಿತು ಅಂತ ತಾನೇ? ನಾನು 'ಕನ್ನಡ ನಿಂತಿದೆ' ಅಂತ ಹಾಕಿದೆ. ಆ ನೋಟಿಸು ಆ ಒಂದು ವರ್ಷದ ಮಟ್ಟಿಗೆ ತಡೆದಿತ್ತು ಅಷ್ಟೇ. ಆದರೆ ನನ್ನ ಸಾಲು ಓದಿ ಇಬ್ಬರು ಮಕ್ಕಳು ಹಿಂದಿಗೆ ಹೋದರು. ಮುಂದಿನ ವರ್ಷ ಆ ಇಬ್ಬರಿದ್ದಿದ್ದರೆ ತರಗತಿಗೆ ಎಷ್ಟು ಬಲ ಬರುತ್ತಿತ್ತು! ಅಂದಿನಿಂದ ತಡೆದದ್ದಾದರೆ 'ತಡೆಹಿಡಿದಿದ್ದಾರೆ', ತೆಗೆದದ್ದಾದರೆ 'ರದ್ದು ಮಾಡಿದ್ದಾರೆ' ಅಂತ ಬೇರೆ ಬೇರೆಯಾಗಿ ಬರೆಯುತ್ತೇನೆ.

'ತೀರ್ಮಾನಿಸಲಾಗಿದೆ', 'ಕೈಬಿಡಲಾಗಿದೆ' ಅಂತ ಬರೆಯುವುದನ್ನೂ ಬಿಟ್ಟಿದ್ದೇನೆ. ಯಾರು ತೀರ್ಮಾನಿಸಿದರು? ಮಂಡಳಿಯ ಮೇಷ್ಟ್ರುಗಳೋ, ಪರಿಷತ್ತೋ, ಕಾಲೇಜಿನ ಟ್ರಸ್ಟೋ? ಅದು ಗೊತ್ತಾಗದಿದ್ದರೆ ತಂದೆತಾಯಿ ಅರ್ಜಿ ಹಿಡಿದು ಯಾವ ಬಾಗಿಲಿಗೆ ಹೋಗಬೇಕು? ಪಠ್ಯದ ದೂರು ಹೊತ್ತು ಸೆನೆಟ್ ಸದಸ್ಯರ ಮನೆಗೆ ಅಲೆದು ಬಂದವರನ್ನು ನೋಡಿದ್ದೇನೆ.

ಈಗ ನನ್ನ ಪ್ರಶ್ನೆಗಳು. 'ಕುಲಪತಿಗಳಾದ ರಾಜ್ಯಪಾಲರು' ಅಂತ ಬರೆದರೆ ಎರಡೂ ಕಡೆ ತಿಳಿಯುತ್ತದೆ. ಆದರೆ ಕುಲಗುರುವಿಗೆ ಏನು ಮಾಡುವುದು? 'ವೈಸ್ ಚಾನ್ಸಲರ್' ಅಂತಲೇ ಬಿಟ್ಟರೆ ನಿಮಗೆ ಒಪ್ಪಿಗೆಯೇ? ಉಪಕುಲಪತಿ ಯಾವ ಕಾಲಕ್ಕೆ ಕುಲಪತಿ ಆಯಿತು, ಹಳೆಯ ಘಟಿಕೋತ್ಸವದ ಆಮಂತ್ರಣ ಇಟ್ಟುಕೊಂಡವರು ನೋಡಿ ಹೇಳುತ್ತೀರಾ? ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡಿಗರು ಅಧಿಸಭೆ ಅನ್ನುತ್ತಾರೋ ಸೆನೆಟ್ ಅನ್ನುತ್ತಾರೋ, ಅದನ್ನೂ ತಿಳಿಯುವ ಆಸೆ ಇದೆ. ಮುಂದಿನ ಸುದ್ದಿಹಾಳೆ ಅಚ್ಚಿಗೆ ಹೋಗುವುದು ತಿಂಗಳ ಕೊನೆಗೆ.