‘ಬಾರೋ’ ಎಂದರೆ ಸಾಲವೋ, ಕಡವೋ, ಎರವಲೋ?

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಾವು ನಾಲ್ಕು ಜನ ಸೇರಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇವೆ. ಅವರು ಓದುವುದು ಇಂಗ್ಲಿಷಿನಲ್ಲಿ, ಜಗಳವಾಡುವುದು ಮರಾಠಿಯಲ್ಲಿ. ಕನ್ನಡ ಅಜ್ಜಿಯರ ಪಾಲಿಗೆ. ಶಾಲೆಯ ಪಾಠದಲ್ಲಿ ಬರುವ ಇಂಗ್ಲಿಷ್ ಪದಗಳಿಗೆ ಎಂಟು ವರ್ಷದವರಿಗೂ ತಿಳಿಯುವಂತೆ ಕನ್ನಡದಲ್ಲಿ ಅರ್ಥ ಬರೆದು, ಒಂದು ಕಿರುಪುಸ್ತಕ ಮಾಡಲು ಹೊರಟಿದ್ದೇವೆ. ‘ಎ’ ಮುಗಿಯಿತು. ‘ಬಿ’ಯ ‘ಬಾರೋ’ (borrow) ಹತ್ತಿರ ಬಂಡಿ ಹೂತುಕೊಂಡಿದೆ. (ಯಾರನ್ನು ಕರೆಯುತ್ತಿದ್ದೀರಿ ಎಂದು ಮಕ್ಕಳು ನಕ್ಕಿದ್ದು ಬೇರೆ.)

ಮೊದಲು ‘ಸಾಲ ತೆಗೆದುಕೊಳ್ಳುವುದು’ ಎಂದು ಬರೆದೆವು. ಮರುವಾರವೇ ಒಬ್ಬ ಹುಡುಗ ಪಕ್ಕದವಳ ಬಳಿ “ನಿನ್ನ ರಬ್ಬರ್ ಸಾಲ ಕೊಡು” ಎಂದು ಕೇಳಿದ. ಬಡ್ಡಿ ಎಷ್ಟು ಎಂದು ಕೇಳುವ ಮನಸ್ಸಾಯಿತು.

ಹಿಂದಕ್ಕೆ ಕೊಡುತ್ತೀಯಾ ಎಂದಷ್ಟೇ ಆ ಇಂಗ್ಲಿಷ್ ಪದ ಕೇಳುತ್ತದೆ. ನಮ್ಮ ಮನೆಯ ಕನ್ನಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅದನ್ನೇ ಕೊಡುತ್ತೀಯೋ ಅಂಥದ್ದನ್ನು ಕೊಡುತ್ತೀಯೋ ಎನ್ನುತ್ತದೆ. ಮದುವೆಗೆ ಹಾಕಿಕೊಂಡು ಹೋದ ನೆರೆಮನೆಯ ಸರ ಎರವಲು. ಅದೇ ಸರ ಮರಳಬೇಕು. ಲೋಟದ ಸಕ್ಕರೆ ಕಡ. ಆ ಸಕ್ಕರೆ ಪಾಯಸದಲ್ಲಿ ಕರಗಿ ಹೋಗಿರುತ್ತದೆ, ಬೇರೆ ಸಕ್ಕರೆ ಅಳೆದು ಕೊಡುತ್ತೇವೆ. ಹಣವಾದರೆ ಸಾಲ, ಕಾಗದಪತ್ರವಿಲ್ಲದೆ ಗೆಳೆಯ ಕೊಟ್ಟಿದ್ದಾದರೆ ಕೈಗಡ, ಕಿರಾಣಿ ಅಂಗಡಿಯಲ್ಲಿ ಬರೆಸಿದ್ದಾದರೆ ಉದ್ರಿ. ಜೊತೆಗಿರುವ ಉಡುಪಿಯ ಶಿಕ್ಷಕಿ ಇದನ್ನು ಒಪ್ಪುವುದಿಲ್ಲ. ಅವರಿಗೆ ಪುಸ್ತಕವೂ ಕಡ, ಸಕ್ಕರೆಯೂ ಕಡ, ನೂರು ರೂಪಾಯಿಯೂ ಕಡ. ತುಳುವಿನಲ್ಲೂ ಕಡ, ತಮಿಳಿನಲ್ಲೂ ಕಡನ್, ನಿಮ್ಮದೇನು ವಿಶೇಷ ಎಂಬುದು ಅವರ ವಾದ.

ಢಾಕಾದಲ್ಲಿ ಕೆಲಸ ಮಾಡಿದ್ದ ಇಂಗ್ಲಿಷ್ ಶಿಕ್ಷಣತಜ್ಞ ಮೈಕೆಲ್ ವೆಸ್ಟ್ 1935ರಲ್ಲಿ ಜೊತೆಗಾರನೊಬ್ಬನೊಂದಿಗೆ ಸೇರಿ, ಇಂಗ್ಲಿಷ್ ಕಲಿಯುವವರ ನಿಘಂಟೊಂದರಲ್ಲಿ ಬರೀ 1,490 ಪದಗಳನ್ನು ಬಳಸಿ ಸುಮಾರು 24,000 ನಮೂದುಗಳಿಗೆ ಇಂಗ್ಲಿಷಿನಲ್ಲೇ ಅರ್ಥ ಬರೆದ. ಕಲಿಯುವವನಿಗೆ ಮೊದಲೇ ಗೊತ್ತಿರುವ ಪದಗಳಲ್ಲೇ ವಿವರಣೆ ಇರಬೇಕೆಂಬುದು ಅದರ ಹಿಂದಿನ ಲೆಕ್ಕ. ಆ ಲೆಕ್ಕ ನಮ್ಮಲ್ಲಿ ತಲೆಕೆಳಗಾಗುತ್ತದೆ. ನಮ್ಮ ಮಕ್ಕಳಿಗೆ ‘ಬಾರೋ’ ಗೊತ್ತು, ‘ಎರವಲು’ ಗೊತ್ತಿಲ್ಲ! ‘ಕಡ’ ಕೂಡ ಮರಾಠಿಯ ‘ಉಸನೆ’ ಎಂದ ಮೇಲೆಯೇ ತಲೆಗೆ ಹತ್ತಿದ್ದು.

ಹಾಗಾಗಿ ಹೆಸರಿನ ಗೊಡವೆ ಬಿಟ್ಟು ಸದ್ಯಕ್ಕೆ ಹೀಗೆ ಬರೆದುಕೊಂಡಿದ್ದೇನೆ: ‘ಮಳೆ ಬಂತು. ಗೆಳತಿಯ ಛತ್ರಿ ಕೇಳಿ ತೆಗೆದುಕೊಂಡೆ. ಮಳೆ ನಿಂತ ಮೇಲೆ ಅದನ್ನು ಅವಳಿಗೇ ಕೊಡುತ್ತೇನೆ. ನಾನು ಮಾಡಿದ್ದು ಬಾರೋ, ಅವಳು ಮಾಡಿದ್ದು ಲೆಂಡ್.’ (ಮುಂಬಯಿಯ ಮಳೆ ನಿಲ್ಲುವುದು ಸೆಪ್ಟೆಂಬರ್ ಕೊನೆಗೆ, ಛತ್ರಿಯ ಗತಿ ದೇವರೇ ಬಲ್ಲ.) ಛತ್ರಿಗೆ ಇದು ಸರಿ. ಸಕ್ಕರೆಗೆ ಸರಿಹೋಗುವುದಿಲ್ಲ.

ಎರಡಕ್ಕೂ ಒಪ್ಪುವ ಒಂದೇ ಕ್ರಿಯಾಪದ ನಿಮ್ಮ ಊರಿನ ಮಾತಿನಲ್ಲಿದೆಯೇ? ನಿಮ್ಮ ಮನೆಯಲ್ಲಿ ಪಕ್ಕದವರಿಂದ ಸಕ್ಕರೆ ತರುವಾಗ ಏನೆಂದು ಕೇಳುತ್ತೀರಿ, ಪುಸ್ತಕ ತರುವಾಗ ಏನೆಂದು ಕೇಳುತ್ತೀರಿ? ಊರಿನ ಹೆಸರನ್ನೂ ಸೇರಿಸಿ ಬರೆಯಿರಿ. ಜೊತೆಗೆ ಇನ್ನೊಂದು: ಪತ್ರಿಕೆಗಳಲ್ಲಿ ‘ಜೀವಕ್ಕೆ ಎರವಾಯಿತು’ ಎಂದು ಓದುತ್ತೇವಲ್ಲ, ಆ ಎರವೂ ಈ ಎರವಲೂ ಒಂದೇ ಬೇರಿನವೇ?