ಬಾಲ್ ಮಿಲ್‌ನಲ್ಲಿ ಅರೆದ ಕಬ್ಬಿಣ-ಕಾರ್ಬನ್ ಪುಡಿ: ಹರಳು 10 ನ್ಯಾನೊಮೀಟರ್, ಆದರೂ ಕೊಯರ್ಸಿವಿಟಿ ಯಾಕೆ ಇಳಿಯುತ್ತಿಲ್ಲ?

ಪ್ರಶ್ನೆ: 9.33 ಗ್ರಾಂ ಕಬ್ಬಿಣದ ಪುಡಿ, 0.67 ಗ್ರಾಂ ಗ್ರಾಫೈಟ್ (25 ಪರಮಾಣು ಶೇಕಡ ಕಾರ್ಬನ್), 100 ಗ್ರಾಂ ಉಕ್ಕಿನ ಗುಂಡುಗಳು, ಪುಡಿ ಅಂಟದಂತೆ 1% ಸ್ಟಿಯರಿಕ್ ಆಮ್ಲ. ಆರ್ಗಾನ್ ತುಂಬಿ ಪ್ಲಾನೆಟರಿ ಮಿಲ್‌ನಲ್ಲಿ 20 ಗಂಟೆ ಅರೆದೆ. ಎಕ್ಸ್‌ಆರ್‌ಡಿ (ಎಕ್ಸ್ ಕಿರಣ ವಿವರ್ತನೆ) ಪ್ರಕಾರ ಹರಳಿನ ಗಾತ್ರ ಸುಮಾರು 10 ನ್ಯಾನೊಮೀಟರ್. ವಿಎಸ್‌ಎಂನಲ್ಲಿ (ಕಾಂತತೆ ಅಳೆಯುವ ಯಂತ್ರ) ಸ್ಯಾಚುರೇಶನ್ (ಗರಿಷ್ಠ ಕಾಂತತೆ) ಗ್ರಾಂಗೆ 168 ಇಎಂಯು, ಕೊಯರ್ಸಿವಿಟಿ (ಕಾಂತತೆಯನ್ನು ಸೊನ್ನೆಗಿಳಿಸಲು ಬೇಕಾದ ವಿರುದ್ಧ ಫೀಲ್ಡ್) 60 ಓಯರ್ಸ್ಟೆಡ್. ಹರಳು ಇಷ್ಟು ಸಣ್ಣದಾದ ಮೇಲೆ ಕೊಯರ್ಸಿವಿಟಿ ಗಾತ್ರದ ಆರನೇ ಘಾತದಂತೆ ಕುಸಿಯಬೇಕಲ್ಲವೇ ಸರ್?

ಉತ್ತರ: ಮೊದಲು 168 ನೋಡೋಣ, ಅದರಲ್ಲೇ ಅರ್ಧ ಉತ್ತರವಿದೆ. ಶುದ್ಧ ಕಬ್ಬಿಣ ಕೋಣೆಯ ಉಷ್ಣತೆಯಲ್ಲಿ ಸುಮಾರು 218. ಕಾರ್ಬನ್ ಬೆರೆತೇ ಇಲ್ಲ, ಬರೀ ಮಿಶ್ರಣವಾಗಿ ಉಳಿದಿದೆ ಎಂದರೂ ತೂಕದ ಲೆಕ್ಕದಲ್ಲಿ 218 × 0.933, ಅಂದರೆ 203 ಬರಬೇಕು. ಪೂರ್ತಿ ಸಿಮೆಂಟೈಟ್ (ಕಬ್ಬಿಣದ ಕಾರ್ಬೈಡ್, Fe3C) ಆಗಿದ್ದರೆ ಸುಮಾರು 130. ನಿಮ್ಮದು ನಡುವೆ ಇದೆ. ಸರಿಸುಮಾರು ಅರ್ಧ ಪುಡಿ ಕಾರ್ಬೈಡ್ ಆಗಿರಬಹುದು. ಆದರೆ ಆಕ್ಸೈಡ್ ಇದ್ದರೂ ಅಂಕಿ ಇದೇ ಥರ ಇಳಿಯುತ್ತದೆ, ಮ್ಯಾಗ್ನೆಟೈಟ್ ಕೇವಲ 92. ಹಾಗಾಗಿ ಈ ಒಂದೇ ಅಂಕಿ ನಂಬಿ ತೀರ್ಮಾನಕ್ಕೆ ಬರಬೇಡಿ.

ಸ್ಟಿಯರಿಕ್ ಆಮ್ಲವನ್ನು ಲೆಕ್ಕಕ್ಕೆ ಹಿಡಿದಿದ್ದೀರಾ? ಅದರ ತೂಕದಲ್ಲಿ 76% ಕಾರ್ಬನ್ನೇ. 0.1 ಗ್ರಾಂ ಹಾಕಿದರೆ 0.076 ಗ್ರಾಂ ಕಾರ್ಬನ್ ಸೇರುತ್ತದೆ. ಅಷ್ಟೂ ಪುಡಿಯಲ್ಲೇ ಉಳಿದರೆ ನಿಮ್ಮ 6.7% ಹೋಗಿ 7.4% ಹತ್ತಿರವಾಗುತ್ತದೆ. ಇನ್ನೊಂದು ಕಡೆ ಗುಂಡು, ಜಾರ್ ಸವೆದು ಕಬ್ಬಿಣ ಸೇರುತ್ತದೆ. ಅರೆಯುವ ಮೊದಲೂ ಆಮೇಲೂ ಗುಂಡುಗಳನ್ನು ತೂಗಿಡಿ.

ಇನ್ನು ಆರನೇ ಘಾತದ ನಿಯಮ. ವಿಜ್ಞಾನಿ ಹರ್ಜರ್ 1990ರಲ್ಲಿ ತೋರಿಸಿದ್ದು ಹರಳುಗಳ ಅನಿಸೊಟ್ರಪಿ (ಕಾಂತತೆ ಕೆಲವು ದಿಕ್ಕುಗಳಿಗೇ ಅಂಟಿಕೊಳ್ಳುವ ಗುಣ) ಎಕ್ಸ್‌ಚೇಂಜ್‌ನಿಂದ (ಅಕ್ಕಪಕ್ಕದ ಪರಮಾಣುಗಳ ಕಾಂತೀಯ ಕೊಂಡಿಯಿಂದ) ಸರಾಸರಿಯಾಗಿ ಅಳಿಸಿಹೋಗುವ ಕಥೆ. ಅದಕ್ಕೆ ಹರಳು ಹರಳಿಗೂ ಕಾಂತೀಯ ಸಂಪರ್ಕ ಬೇಕು, ಒತ್ತಡ ಇರಬಾರದು. ಅರೆದ ಪುಡಿಯಲ್ಲಿ ಈ ಎರಡೂ ಷರತ್ತು ಈಡೇರುವುದಿಲ್ಲ. ಒಳಗಿನ ಸ್ಟ್ರೇನ್ (ಒತ್ತಡದ ವಿರೂಪ) ಹರಳಿಗಿಂತ ದೊಡ್ಡ ದೂರದವರೆಗೆ ಹಬ್ಬಿರುತ್ತದೆ, ಅದನ್ನು ಸರಾಸರಿ ಅಳಿಸಲಾರದು. ಕಣಗಳ ಅಂಚಿನಲ್ಲಿ ಉಳಿದ ಗ್ರಾಫೈಟ್, ಆಕ್ಸೈಡ್ ಪದರ ಸಂಪರ್ಕ ಕಡಿಯುತ್ತವೆ. ಸಿಮೆಂಟೈಟ್‌ನ ಅನಿಸೊಟ್ರಪಿಯೂ ಹೆಚ್ಚು. 60 ಬಂದಿದ್ದು ಅಚ್ಚರಿಯೇನಲ್ಲ.

ಇನ್ನೊಬ್ಬರ ಉತ್ತರ: ಅಳತೆಯನ್ನೂ ಒಮ್ಮೆ ಅನುಮಾನಿಸಿ. ಪುಡಿ ಸಡಿಲವಾಗಿದ್ದರೆ ಫೀಲ್ಡ್ ತಿರುಗಿಸಿದಾಗ ಕಣಗಳೇ ತಿರುಗುತ್ತವೆ. 10–20 ಮಿಲಿಗ್ರಾಂ ತೆಗೆದುಕೊಂಡು ಮೇಣದಲ್ಲೋ ಎಪಾಕ್ಸಿಯಲ್ಲೋ ಕೂರಿಸಿ. ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್ ಆದರೆ 10–30 ಓಯರ್ಸ್ಟೆಡ್ ಉಳಿಕೆ ಫೀಲ್ಡ್ ಸಾಮಾನ್ಯ, ಗೆರೆ ಸೊನ್ನೆ ದಾಟುವ ಎಡಬಲ ಎರಡೂ ಛೇದನದ ಸರಾಸರಿ ತೆಗೆಯಿರಿ. ±200ರೊಳಗೆ 5ರ ಹೆಜ್ಜೆ ಇಡಿ. 100ರ ಹೆಜ್ಜೆ ಇಟ್ಟರೆ 60 ಎನ್ನುವುದಕ್ಕೇ ಅರ್ಥವಿಲ್ಲ.

ಎಕ್ಸ್‌ಆರ್‌ಡಿಗೆ ತಾಮ್ರದ ಟ್ಯೂಬ್ ಬಳಸಿದ್ದರೆ ಕಬ್ಬಿಣದ ಫ್ಲೋರೆಸೆನ್ಸ್ ಹಿನ್ನೆಲೆಯಲ್ಲಿ ಸಿಮೆಂಟೈಟ್‌ನ ಸಣ್ಣ ಪೀಕ್‌ಗಳು ಮುಳುಗಿಹೋಗುತ್ತವೆ. 43–46 ಡಿಗ್ರಿ ನಡುವೆ ಅವು ಕಬ್ಬಿಣದ 44.7ರ ಅಗಲ ಪೀಕ್‌ಗೂ ಅಂಟಿಕೊಂಡಿರುತ್ತವೆ, ಪೀಕ್ ಅಗಲದಿಂದ ಹರಳಿನ ಗಾತ್ರ ಲೆಕ್ಕ ಹಾಕುವ ಷೆರರ್ ಸೂತ್ರದ 10 ನ್ಯಾನೊಮೀಟರ್‌ಗೂ ಅದರಿಂದ ಪೆಟ್ಟು. ಕೋಬಾಲ್ಟ್ ಟ್ಯೂಬ್ ಸಿಕ್ಕರೆ ಒಳ್ಳೆಯದು. ಮಾಸ್‌ಬವರ್ (ಕಬ್ಬಿಣದ ನ್ಯೂಕ್ಲಿಯಸ್ ಮೇಲಿನ ಫೀಲ್ಡ್ ಅಳೆಯುವ ವಿಧಾನ) ಸಿಕ್ಕರೆ ವಾದವೇ ಮುಗಿಯಿತು: ಕಬ್ಬಿಣ 33 ಟೆಸ್ಲಾ, ಸಿಮೆಂಟೈಟ್ ಸುಮಾರು 20.7.

ಮರುಪ್ರಶ್ನೆ: ಮಾಸ್‌ಬವರ್ ನಮ್ಮಲ್ಲಿಲ್ಲ ಮೇಡಂ. 500 ಡಿಗ್ರಿಯಲ್ಲಿ ಕಾಯಿಸಿದರೆ ಸ್ಟ್ರೇನ್ ಹೋಗಿ ಕೊಯರ್ಸಿವಿಟಿ ಇಳಿಯುತ್ತದೆಯೇ?

ಉತ್ತರ: ಇಷ್ಟು ಕಾರ್ಬನ್ ಇದ್ದರೆ ಏರುತ್ತದೆ. ಸ್ಟ್ರೇನ್ ಹೋಗುವಷ್ಟರಲ್ಲಿ ಸಿಮೆಂಟೈಟ್ ಚೆನ್ನಾಗಿ ಹರಳುಗಟ್ಟಿ ನೂರಾರು ಓಯರ್ಸ್ಟೆಡ್‌ಗೆ ಮುಟ್ಟಬಹುದು. ಮೃದು ಕಾಂತವೇ (ಕೊಯರ್ಸಿವಿಟಿ ಕಡಿಮೆಯಿರುವುದು) ಬೇಕಾದರೆ ಕಾರ್ಬನ್ ಇಳಿಸದೆ ದಾರಿಯಿಲ್ಲ, ತೂಕದ 0.5%ನಿಂದ ಶುರುಮಾಡಿ, 300ರಿಂದ 50 ಡಿಗ್ರಿಯಂತೆ ಏರಿಸುತ್ತಾ ಪ್ರತಿ ಸಲ ಅಳೆಯಿರಿ.

ಮಾಸ್‌ಬವರ್ ಬದಲು ವಿಎಸ್‌ಎಂ ಓವನ್ ಬಳಸಿ. 500 ಓಯರ್ಸ್ಟೆಡ್ ಫೀಲ್ಡ್‌ನಲ್ಲಿ, ಆರ್ಗಾನ್ ಹರಿಸುತ್ತಾ 300 ಡಿಗ್ರಿವರೆಗೆ ಏರಿಸಿ ಇಳಿಸಿ. 210ರ ಸುತ್ತ ಕಾಂತತೆಯಲ್ಲಿ ಬೀಳುವ ಮೆಟ್ಟಿಲು ಸಿಮೆಂಟೈಟ್‌ನ ಕ್ಯೂರಿ ಬಿಂದು (ಅದು ಕಾಂತತೆ ಕಳೆದುಕೊಳ್ಳುವ ಉಷ್ಣತೆ). ಇಳಿಯುವಾಗ ಆ ಮೆಟ್ಟಿಲು ದೊಡ್ಡದಾಗಿ ಕಂಡರೆ, ಒಂದಷ್ಟು ಕಾರ್ಬೈಡ್ ನೀವು ಕಾಯಿಸುವಾಗಲೇ ಹುಟ್ಟಿದ್ದು. ಮೂಲ ಪುಡಿಯ ಲೆಕ್ಕಕ್ಕೆ ಏರುವ ಗೆರೆಯನ್ನೇ ಹಿಡಿಯಿರಿ.

ಜಾರ್ ತಣ್ಣಗಾದ ಮೇಲೇ, ಗ್ಲೋವ್‌ಬಾಕ್ಸ್ ಒಳಗೇ ತೆರೆಯಿರಿ. ಹೊಸದಾಗಿ ಅರೆದ ಕಬ್ಬಿಣ ಗಾಳಿ ತಾಗಿದರೆ ಹೊತ್ತಿಕೊಳ್ಳಬಹುದು, ಹೊತ್ತದಿದ್ದರೂ ಆಕ್ಸೈಡ್ ಆಗಿ ನಿಮ್ಮ 168ನ್ನು ಇನ್ನಷ್ಟು ಕೆಡಿಸುತ್ತದೆ.